ಕತ್ತಿನವರೆಗೆ ಅಮ್ಮ

ಹೋದ ತಿಂಗಳು ದೊಡ್ಡಬೆಳವಂಗಲದಲ್ಲಿ ಒಬ್ಬರ ಮನೆಯ ಗೋಡೆಯ ಮೇಲೆ ನಮ್ಮಮ್ಮನನ್ನು ನೋಡಿದೆ. ಪೂರ್ತಿ ಅಲ್ಲ, ಪಾದದಿಂದ ಕತ್ತಿನವರೆಗೆ. ಕತ್ತಿನ ಮೇಲಿದ್ದ ತಲೆ ಬೇರೆ ಯಾರದೋ.

ನನ್ನ ಹತ್ತಿರ ಸೀರೆ ತೆಗೆದುಕೊಳ್ಳುವ ಭಾಗ್ಯ ಎನ್ನುವ ಹೆಂಗಸಿನ ಗೃಹಪ್ರವೇಶಕ್ಕೆ ಹೋಗಿದ್ದೆ. ಊಟಕ್ಕೆ ಹಿತಕಿದ ಬೇಳೆ ಸಾರು. ಅದರ ಘಮ ಮೂಗಿಗೆ ಬಡಿದಾಗಲೇ ಅಮ್ಮ ನೆನಪಾಗಿದ್ದಳು, ಕೈ ತೊಳೆಯಲು ಎದ್ದವಳಿಗೆ ಎದುರಿಗೇ ಕಂಡಳು. ಅದೇ ಮೆರೂನ್ ರೇಷ್ಮೆ ಸೀರೆ, ಅದೇ ಎರಡೆಳೆ ಸರ, ಅದೇ ಕೆತ್ತನೆ ಕುರ್ಚಿ, ಕುರ್ಚಿಯ ಕೈ ಮೇಲೆ ಉಂಗುರ ತೊಟ್ಟ ಅದೇ ದಪ್ಪ ಬೆರಳುಗಳು.

"ನಮ್ಮತ್ತೆ" ಅಂದಳು ಭಾಗ್ಯ. "ಹೆಂಗ್ ಕೂತವ್ರೆ ನೋಡಿ ಅಕ್ಕ, ಮಹಾಲಕ್ಷ್ಮಿ ಹಂಗೆ. ನಿಮ್ಗೆ ಅವ್ರು ಗೊತ್ತಿದ್ರಾ?"

ಕತ್ತಿನಿಂದ ಕೆಳಗೆ ಚೆನ್ನಾಗಿ ಗೊತ್ತು ಕಣಮ್ಮ ಅನ್ನುವ ಮಾತು ನಾಲಿಗೆ ತುದಿಯವರೆಗೆ ಬಂತು. ಶುಭಕಾರ್ಯದ ಮನೆ, ನುಂಗಿಕೊಂಡೆ. ಆದರೆ ಅಮ್ಮ ಹೋದ ಮೇಲಿನ ಆ ವರ್ಷವೆಲ್ಲ ಹೊಟ್ಟೆಯಿಂದ ಮೇಲಕ್ಕೆ ಬಂತು, ಇವತ್ತಿಗೂ ಒಳಗೆ ಹೋಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಮ್ಮ ಹೋದದ್ದು ಅವರೆಕಾಯಿ ಕಾಲದಲ್ಲಿ. ಸಂಜೆ ಕಾಳು ನೆನೆಹಾಕಿ ಮಲಗಿದವಳು ಬೆಳಗ್ಗೆ ಏಳಲಿಲ್ಲ. ಹೆಣದ ಗಲಾಟೆಯಲ್ಲಿ ಆ ಕಾಳು ಪಾತ್ರೆಯಲ್ಲೇ ಹುಳಿ ಹಿಡಿಯಿತು. ಅಪ್ಪ ಎಷ್ಟೋ ವರ್ಷದ ಹಿಂದೆಯೇ ಹೋಗಿದ್ದರು. ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಉಳಿದವರು ಪವರ್‌ಲೂಮ್ ನೋಡಿಕೊಳ್ಳುವ ಅಣ್ಣ ನಾಗರಾಜ, ಅವನ ಹೆಂಡತಿ, ಮತ್ತು ಮಹಡಿಯ ಮೇಲೆ ಚಿತ್ರ ಬರೆಯುತ್ತಾ ಕೂರುವ ತಮ್ಮ ಗೋಪಿ. ನನ್ನ ಗಂಡನ ಮನೆ ಪಕ್ಕದ ಬೀದಿ. ಗಂಡ ಸೋಂಪುರದ ಫ್ಯಾಕ್ಟರಿಗೆ ಹೋದ ಮೇಲೆ ನನ್ನ ಹಗಲೆಲ್ಲ ತವರಿನ ಮಗ್ಗದ ಶೆಡ್ಡಿನಲ್ಲೇ ಕಳೆಯುತ್ತಿತ್ತು.

ಅಮ್ಮನ ಕೆಲಸ ಕೆಚ್ಚುವುದು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಮಗ್ಗದ ಮೇಲಿನ ಹಾಸು, ಅಂದರೆ ಉದ್ದಕ್ಕೆ ಕಟ್ಟಿದ ನೂಲು, ಮುಗಿಯುತ್ತಾ ಬಂದಾಗ, ಹಳೆಯ ಒಂದೊಂದು ಎಳೆಯ ತುದಿಗೂ ಹೊಸ ಎಳೆಯ ತುದಿ ಸೇರಿಸಿ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಹೊಸೆಯಬೇಕು. ಒಂದು ಸೀರೆಯ ಹಾಸಿನಲ್ಲಿ ಸಾವಿರಾರು ಎಳೆ. ಮಗ್ಗದ ಹಿಂದೆ ಗಿಡ್ಡ ಮಣೆಯ ಮೇಲೆ ಕೂತು ಎಳೆಗಳ ನಡುವೆ ತಲೆ ತೂರಿಸಿದರೆ ಮತ್ತೆ ಎತ್ತುವ ಹಾಗಿಲ್ಲ, ಎತ್ತಿದರೆ ಎಲ್ಲಿದ್ದೆವು ಅನ್ನುವುದೇ ತಪ್ಪಿಹೋಗುತ್ತದೆ. ಅಮ್ಮ ಹಾಗೆ ಕೂತರೆ ಬಲಭುಜ ಎಡಕ್ಕಿಂತ ತಗ್ಗುತ್ತಿತ್ತು. ಎಡಗಾಲಿನ ಹೆಬ್ಬೆರಳನ್ನು ಮಗ್ಗದ ಕೆಳಗಿನ ಪಟ್ಟಿಗೆ ಸಿಕ್ಕಿಸಿಕೊಳ್ಳುತ್ತಿದ್ದಳು, ಹಾಗೆ ಸಿಕ್ಕಿಸದಿದ್ದರೆ ಕೈ ಓಡುವುದಿಲ್ಲ ಅನ್ನುತ್ತಿದ್ದಳು. ಕಡ್ಡಿ ಹಾಗಿದ್ದ ಹೆಂಗಸು. ಬೆರಳುಗಳೂ ಕಡ್ಡಿ.

ಹನ್ನೊಂದನೇ ದಿನದ ಕಾರ್ಯಕ್ಕೆ ಫೋಟೊ ಬೇಕು ಅಂದಾಗ ಗೊತ್ತಾಯಿತು, ಅಮ್ಮನದು ಒಂದು ಫೋಟೊ ಇಲ್ಲ. ಕ್ಯಾಮೆರಾ ಕಂಡರೆ ಸೆರಗು ಮುಖಕ್ಕೆ ಬರುತ್ತಿತ್ತು. ನನ್ನ ಮದುವೆ ಆಲ್ಬಮ್ಮಿನಲ್ಲಿ ಹುಡುಕಿದರೆ ಒಂದು ಕಡೆ ಮೊಣಕೈ, ಒಂದು ಕಡೆ ಜಡೆ. ನಮ್ಮ ಮೊಬೈಲುಗಳಲ್ಲಿ ಇದ್ದದ್ದು ಅಡ್ಡ ಬಂದ ಅಂಗೈ. "ನಂದ್ಯಾಕ್ರೋ ತೆಗೀತೀರಾ, ಆಚೆ ಹೋಗ್ರೋ" ಅನ್ನುತ್ತಿದ್ದಳು, ನಾವೂ ಸರಿ ಅಂತ ಆಚೆ ಹೋಗುತ್ತಿದ್ದೆವು. ಇದ್ದದ್ದು ಒಂದೇ, ಆಧಾರ್ ಕಾರ್ಡಿನದು. ಅದರಲ್ಲಿ ಅಮ್ಮ ಕೋಳಿ ಕದ್ದು ಸಿಕ್ಕಿಬಿದ್ದವಳ ಹಾಗಿದ್ದಳು.

ಅಣ್ಣ ಅದನ್ನೇ ಸ್ಟುಡಿಯೋಗೆ ಹಿಡಿದುಕೊಂಡು ಹೋದ. ನಾನೂ ಜೊತೆಗೆ ಹೋದೆ, ನನ್ನ ಕರ್ಮ.

"ತಲೆ ಕೊಡಿ ಸಾಕು ಸಾರ್" ಅಂದ ಸ್ಟುಡಿಯೋದವನು. "ಮಿಕ್ಕಿದ್ದೆಲ್ಲ ನಮ್ಮತ್ರ ಐತೆ. ಬಾಡಿ ಸೆಲೆಕ್ಟ್ ಮಾಡಿ."

ಕಂಪ್ಯೂಟರಿನಲ್ಲಿ ಸಾಲಾಗಿ ತಲೆಯಿಲ್ಲದ ಹೆಂಗಸರು ಕೂತಿದ್ದರು. ಹಸಿರು ಸೀರೆಯವಳು, ನೀಲಿ ಸೀರೆಯವಳು, ನಿಂತವಳು, ಕೂತವಳು. ಅಣ್ಣ ಮೆಣಸಿನಕಾಯಿ ಆರಿಸುವವನ ಹಾಗೆ ಒಂದೊಂದನ್ನೇ ನೋಡಿ ಮೆರೂನ್ ಸೀರೆಯವಳಿಗೆ ಬೆರಳಿಟ್ಟ.

"ಅಣ್ಣ, ಅಮ್ಮ ಇಷ್ಟು ದಪ್ಪ ಇದ್ಳೇನೋ?" ಅಂದೆ.

"ಗ್ರ್ಯಾಂಡಾಗಿರ್ಲಿ ಬಿಡು ಸುಶೀಲ. ಜನ ಬಂದೋಗೋ ಮನೆ."

"ಆ ಸರ?"

"ಏನ್ ತೂಕ ಹಾಕಿ ನೋಡ್ತಾರಾ ಯಾರಾದ್ರೂ?"

ಬದುಕಿದ್ದಾಗ ಅಮ್ಮನಿಗೆ ಅವನು ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು ಹಾಕಿದವನಲ್ಲ. ನೇಯುವವರ ಮನೆಯಲ್ಲಿ ಹುಟ್ಟಿ, ನೇಯುವವರ ಮನೆಗೆ ಸೇರಿ, ರೇಷ್ಮೆ ಎಳೆಗಳಿಗೆ ಆಯಸ್ಸು ಸುರಿದ ಅಮ್ಮ ಉಟ್ಟದ್ದು ವಾಯಿಲ್ ಸೀರೆ. ಸತ್ತ ಮೇಲೆ ಮಗ ಮೌಸಿನ ತುದಿಯಲ್ಲಿ ಮೆರೂನ್ ರೇಷ್ಮೆ ಉಡಿಸಿದ. ಸ್ಟುಡಿಯೋದವನು ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮುಖಕ್ಕೆ ಬಿಳಿ ಬಳಿದ, ತುಟಿಯ ಕೊನೆ ಮೇಲಕ್ಕೆ ಎಳೆದು ನಗಿಸಿದ.

ಕಾರ್ಯದ ದಿನ ಬಂದ ನೆಂಟರು ಹಾರ ಹಾಕಿದ ಆ ಫೋಟೊ ಮುಂದೆ ನಿಂತು ಏನಂದರು ಅಂತೀರಿ? "ಥೇಟ್ ಅವ್ರೇ ಕಣಮ್ಮ! ಎದ್ದು ಮಾತಾಡ್ಸೋ ಹಂಗವ್ರೆ!" ಎದ್ದು ಮಾತಾಡಿಸಿದ್ದರೆ ಆ ಮೆರೂನ್ ಸೀರೆಯವಳು ತನ್ನ ಹೆಸರು ಬೇರೆ ಹೇಳುತ್ತಿದ್ದಳು. ನಲವತ್ತು ವರ್ಷ ಅಮ್ಮನ ಕೈ ಅಡುಗೆ ಉಂಡವರು ಅವರು. ಒಬ್ಬರಾದರೂ ಆ ಕೈ ನೋಡಿರಲಿಲ್ಲ.

ಆವತ್ತೇ ಮಹಡಿ ಹತ್ತಿ ಗೋಪಿಗೆ ಹೇಳಿದೆ. "ನೀನು ಕಲಾವಿದ ತಾನೆ? ವರ್ಷದ ಕಾರ್ಯದ ಹೊತ್ತಿಗೆ ಅಮ್ಮನ ಮುಖ ಬರೆದ್ಕೊಡು. ಆ ಹಾಳು ಫೋಟೊ ತೆಗೆದು ಅದನ್ನ ಇಡೋಣ. ಮುಖ ಕಣೋ, ಮುಖ. ಬೇರೇನೂ ಬೇಡ."

"ಬರೀತೀನಕ್ಕ" ಅಂದ.

ಬರೆಯುತ್ತಾನೆ ಅಂತ ನಂಬಿದ ನನ್ನ ಬುದ್ಧಿಗಿಷ್ಟು. ಗೋಪಿ ಬೆಂಗಳೂರಿನಲ್ಲಿ ಚಿತ್ರಕಲೆ ಓದಿ ಬಂದವನು. ಹಳೆಯ ಕೈಮಗ್ಗದ ಕೋಣೆಯಲ್ಲಿ ಕೂತು ಅವನು ಬರೆದಿದ್ದ ಚಿತ್ರಗಳನ್ನು ನೀವು ನೋಡಬೇಕು. ಒಬ್ಬ ಗಂಡಸಿನ ಕತ್ತಿನ ಮೇಲೆ ಮೀನಿನ ತಲೆ. ಇನ್ನೊಬ್ಬನ ಕಿವಿಯಿಂದ ಏಣಿ ಹೊರಟು ಚಂದ್ರನಿಗೆ ಒರಗಿದೆ. ಮತ್ತೊಬ್ಬಳ ಹೊಟ್ಟೆಯಲ್ಲಿ ಬಾಗಿಲು, ಬಾಗಿಲಿಗೆ ಬೀಗ. ಇದೇನೋ ಅಂದರೆ ಸರ್ರಿಯಲಿಸಂ ಅಕ್ಕ, ಅತಿವಾಸ್ತವ ಅಕ್ಕ ಅನ್ನುತ್ತಿದ್ದ. ನಮ್ಮ ಮನೆಯ ವಾಸ್ತವವೇ ತಡೆಯಲಾರದಷ್ಟಿತ್ತು, ಅದರ ಮೇಲೆ ಇವನ ಅತಿ ಬೇರೆ. ಊಟಕ್ಕೆ ಕೆಳಗಿಳಿಯುವುದು ಮಾತ್ರ ಅವನಿಗೆ ಒಂದು ಹೊತ್ತೂ ತಪ್ಪುತ್ತಿರಲಿಲ್ಲ.

ಆ ಯುಗಾದಿಗೆ ಬಿಸಿಲು ವಿಪರೀತ. ಗಾಳಿ ಒಣಗಿದರೆ ರೇಷ್ಮೆಗೆ ಜೀವ ಇರುವುದಿಲ್ಲ, ಎಳೆ ಪಟಪಟ ಕಡಿಯುತ್ತದೆ. ಶೆಡ್ಡಿನ ನೆಲಕ್ಕೆ ನೀರು ಚೆಲ್ಲಿ, ಗೋಣಿಚೀಲ ಒದ್ದೆ ಮಾಡಿ ಹಾಸಿದೆವು. ಅಮ್ಮ ಇಲ್ಲದೆ ಕೆಚ್ಚುವವರಿಲ್ಲ. ಹೊರಗಿನಿಂದ ಬಂದವಳು ಎರಡು ಹಾಸು ಕೆಚ್ಚುವಷ್ಟರಲ್ಲಿ ಕೈ ಮುಗಿದು ಹೋದಳು. ಅಣ್ಣ ನನ್ನ ಮುಖ ನೋಡಿದ. ಬಾಯಿಬಿಟ್ಟು ಕೇಳುವ ದೊಡ್ಡತನ ಅವನಿಗಿಲ್ಲ, ಸುಮ್ಮನೆ ನೋಡುತ್ತಾನೆ. ಅಮ್ಮನ ಮಣೆ ಎಳೆದುಕೊಂಡು ನಾನೇ ಕೂತೆ. ಚಿಕ್ಕಂದಿನಲ್ಲಿ ಕಲಿತ ಕೈ, ಒಂದು ವಾರ ತೊಡರಿ ಆಮೇಲೆ ದಾರಿಗೆ ಬಂತು.

ಮಳೆ ಶುರುವಾದ ಮೇಲೆ ಕೆಲಸ ಹೆಚ್ಚಾಯಿತು. ತಗಡಿನ ಮೇಲೆ ಮಳೆ, ಕೆಳಗೆ ಮಗ್ಗಗಳ ಬಡಿತ, ಎರಡೂ ಸೇರಿ ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಿರಲಿಲ್ಲ. ಗೋಪಿ ಆಗಾಗ ಶೆಡ್ಡಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದ. ಕೈಯಲ್ಲಿ ಕಾಫಿ ಲೋಟ, ಕಂಕುಳಲ್ಲಿ ಅವನ ಬರೆಯುವ ಪುಸ್ತಕ.

"ಏನಾಯ್ತೋ ಅಮ್ಮನ ಮುಖ?" ತಲೆ ಎತ್ತದೆಯೇ ಕೂಗುತ್ತಿದ್ದೆ.

"ಬರ್ತಾ ಐತೆ ಕಣಕ್ಕ."

"ಎಲ್ಲಿಂದ, ತುಮಕೂರಿಂದ ನಡ್ಕೊಂಡಾ?"

ಸ್ವಲ್ಪ ಹೊತ್ತು ನಿಂತು ಹೋಗುತ್ತಿದ್ದ. ಮೈಗಳ್ಳನಿಗೆ ಮಳೆಯ ನೆಪ ಅಂದುಕೊಳ್ಳುತ್ತಿದ್ದೆ.

ನನಗೆ ಆತುರವಿತ್ತು, ಅದು ಯಾರಿಗೂ ಗೊತ್ತಿರಲಿಲ್ಲ. ಗೌರಿಹಬ್ಬದ ಹೊತ್ತಿಗೆ ಕಣ್ಣು ಮುಚ್ಚಿದರೆ ಅಮ್ಮ ಬರುವುದು ನಿಂತಿತು. ಬರುತ್ತಿದ್ದವಳು ಸ್ಟುಡಿಯೋದವನ ಅಮ್ಮ, ಬಿಳಿ ಮುಖದವಳು, ಎಳೆದ ತುಟಿಯವಳು. ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಮಲಗುವ ಮುಂಚೆ, ಹಳೆಯ ಮುಖವನ್ನು ನೆನೆಯಲು ಒದ್ದಾಡುತ್ತಿದ್ದೆ. ಮೂಗು ಸಿಕ್ಕರೆ ಕಣ್ಣು ಸಿಗುತ್ತಿರಲಿಲ್ಲ. ಹೆತ್ತವಳ ಮುಖ ಮರೆಯುತ್ತಿದೆ ಅಂತ ಯಾರ ಹತ್ತಿರ ಹೇಳುವುದು? ಅತ್ತಿಗೆಗೆ ಹೇಳಿದರೆ, "ಫೋಟೊ ಐತಲ್ಲ ಸುಶೀಲ, ನೋಡ್ಕೋ" ಅನ್ನುತ್ತಿದ್ದಳು. ನನಗೆ ಉಳಿದಿದ್ದ ಒಂದೇ ಆಸೆ ಮಹಡಿಯ ಮೇಲೆ ಕೂತಿದ್ದ ಆ ದಂಡಪಿಂಡ.

ಮತ್ತೆ ಅವರೆಕಾಯಿ ಬಂತು. ವರ್ಷದ ಕಾರ್ಯದ ದಿನ ಅಮ್ಮನಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆ ಬಡಿಸಿದ್ದೆವು, ಹಿತಕಿದ ಬೇಳೆ ಸಾರು, ಒಬ್ಬಟ್ಟು, ಮುದ್ದೆ. ಗೋಡೆಯ ಪಕ್ಕ ಹೊಸ ಸೀರೆ, ಎಲೆ ಅಡಿಕೆ. ನಾನು ಬೇಕೆಂದೇ ಫೋಟೊ ತೆಗೆದು ಒಳಗಿಟ್ಟಿದ್ದೆ. ಗೋಪಿ ಮಹಡಿಯಿಂದ ದೊಡ್ಡ ಹಾಳೆ ಹಿಡಿದು ಇಳಿದ, ಎಡೆಯ ಹಿಂದೆ ಗೋಡೆಗೆ ಒರಗಿಸಿದ.

ಕಪ್ಪು ಶಾಯಿಯ ಚಿತ್ರ. ಮಣೆಯ ಮೇಲೆ ಕೂತ ಹೆಂಗಸಿನ ಬಾಗಿದ ಬೆನ್ನು. ಬೆನ್ನುಮೂಳೆಯ ಜಾಗದಲ್ಲಿ ಮಗ್ಗದ ಹಣಿಗೆಯ ಹಲ್ಲು. ಬೆರಳುಗಳು ಮೊಣಕೈಯಷ್ಟು ಉದ್ದ, ಒಂದೊಂದರ ತುದಿಯಲ್ಲೂ ಒಂದು ತೆರೆದ ಕಣ್ಣು. ಕತ್ತು ಇತ್ತು. ಕತ್ತಿನ ಮೇಲೆ ಏನೂ ಇರಲಿಲ್ಲ. ಅಲ್ಲಿಂದ ಎಳೆಗಳು ಹೊರಟು, ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಹಾಳೆಯ ಅಂಚು ದಾಟಿಹೋಗಿದ್ದವು.

ಮನೆ ತುಂಬಾ ಗುಸುಗುಸು. ಸೋದರತ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ಶಿವನೇ! ರುಂಡ ಇಲ್ದಿರೋದಕ್ಕೆ ಎಡೆ ಇಕ್ತೀರೇನ್ರೋ? ಮನೆ ಉದ್ಧಾರ ಆಯ್ತದಾ?"

"ಎತ್ಕೊಂಡ್ ಹೋಗೋ ಮೇಲಕ್ಕೆ!" ಅಣ್ಣ ಗುಡುಗಿದ. "ನೆಂಟ್ರ ಮುಂದೆ ಮಾನ ಕಳೀಬೇಡ."

ನಾನು ವರ್ಷವೆಲ್ಲ ಕಾದು ಕೇಳಿದ್ದು ಒಂದೇ, ಇವನು ಬಿಟ್ಟದ್ದೂ ಅದೊಂದೇ. ಸ್ಟುಡಿಯೋದವನು ಅಮ್ಮನ ಮೈ ಇಲ್ಲದ ತಲೆ ಕೊಟ್ಟ, ಇವನು ತಲೆ ಇಲ್ಲದ ಮೈ. "ಥೂ ನಿನ್ನ" ಅಂದೆ, ಎಡೆಯ ಮುಂದೆಯೇ. ಗೋಪಿ ತಲೆ ತಗ್ಗಿಸಿ ಹಾಳೆ ಎತ್ತಿಕೊಂಡ. ಎತ್ತುವಾಗ ಚಿತ್ರದ ಕೆಳಭಾಗ ನನ್ನ ಕಣ್ಣಿಗೆ ಬಿತ್ತು. ಎಡಗಾಲು. ಹೆಬ್ಬೆರಳು ಮಗ್ಗದ ಪಟ್ಟಿಗೆ ಸಿಕ್ಕಿಸಿಕೊಂಡಿತ್ತು. ಬಲಭುಜ ಎಡಕ್ಕಿಂತ ತಗ್ಗಿತ್ತು.

ಮೆರೂನ್ ಸೀರೆಯವಳು ಮತ್ತೆ ಹೊರಗೆ ಬಂದಳು, ಒಬ್ಬಟ್ಟು ಅವಳಿಗೆ ಬಿತ್ತು. ನೆಂಟರು ಸಮಾಧಾನದಿಂದ ಉಂಡರು. ಎಲ್ಲರೂ ಹೋದ ಮೇಲೆ ನಾನು ಮಹಡಿಗೆ ಹೋಗಿ ಆ ಚಿತ್ರದ ಮುಂದೆ ಕೂತು ಗಳಗಳ ಅತ್ತೆ. ಅಮ್ಮ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಮುಖ ಇಲ್ಲದಿದ್ದರೇನು, ಇದು ಅಮ್ಮ. ಇವಳನ್ನು ಬೇರೆ ಯಾರ ಮನೆಯ ಗೋಡೆಯ ಮೇಲೂ ತಲೆ ಬದಲಿಸಿ ಕೂರಿಸಲು ಆಗುವುದಿಲ್ಲ. ಅವತ್ತಿನಿಂದ ದಿನಾ ಸಂಜೆ ಕೆಲಸ ಮುಗಿಸಿ ಮಹಡಿಗೆ ಹೋಗಿ ಒಂದು ಗಳಿಗೆ ನೋಡಿ ಬರುತ್ತಿದ್ದೆ. ಗೋಪಿಯನ್ನು ಬೈಯುವುದು ಕಡಿಮೆ ಮಾಡಿದೆ, ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಒಬ್ಬ ಮಹಾಶಯ ಬಂದ. ಗೋಪಿ ಚಿತ್ರವನ್ನು ಮೊಬೈಲಿನಲ್ಲಿ ಎಲ್ಲೋ ಹಾಕಿದ್ದನಂತೆ, ಅದನ್ನು ಕಂಡು ಬೆಂಗಳೂರಿನಿಂದ ಹೊರಟು ಬಂದವನು. ಮಾಸಲು ಬಿಳಿ ಜುಬ್ಬಾ, ದಪ್ಪ ಕಪ್ಪು ಚೌಕಟ್ಟಿನ ಕನ್ನಡಕ. ಪ್ರದರ್ಶನಗಳನ್ನು ಏರ್ಪಡಿಸುವುದು, ದೊಡ್ಡವರಿಗೆ ಚಿತ್ರ ಕೊಡಿಸುವುದು ಅವನ ಕೆಲಸ. ಚಿತ್ರದ ಮುಂದೆ ನಿಂತು ಕಣ್ಣು ಮುಚ್ಚಿದ, ತೆಗೆದ, ಮತ್ತೆ ಮುಚ್ಚಿದ.

"ತಲೆ ಇಲ್ಲದಿರೋದೇ ಇಲ್ಲಿ ಮಾತಾಡ್ತಾ ಇದೆ. ಶ್ರಮ ಅನ್ನೋದು ವ್ಯಕ್ತಿಯನ್ನ ನುಂಗಿಬಿಟ್ಟಿದೆ. ಇವಳು ಯಾರೂ ಅಲ್ಲ, ಅದಕ್ಕೇ ಎಲ್ಲರೂ ಹೌದು. ಅದ್ಭುತ!"

ಯಾರೂ ಅಲ್ಲವಂತೆ. ಕಾಫಿ ಲೋಟ ಅವನ ಜುಬ್ಬಾದ ಮೇಲೆ ಬೀಳದೆ ಉಳಿದದ್ದು ನಮ್ಮಮ್ಮ ಕಲಿಸಿದ ಮರ್ಯಾದೆಯಿಂದ. ಅಣ್ಣನಂತೂ ಊಸರವಳ್ಳಿಗೆ ಪಾಠ ಹೇಳಿಕೊಟ್ಟ. ಮನೆಯ ಮಾನ ಹೋಯಿತು ಅಂದ ಬಾಯಲ್ಲೇ, "ನಮ್ ತಾಯಿಯವ್ರದೇ ಸಾರ್. ಮೊದ್ಲಿಂದಾನೂ ನಮ್ದು ಕಲೆಗೆ ಸಪೋರ್ಟ್ ಮಾಡೋ ಫ್ಯಾಮಿಲಿ" ಅಂದ.

ಮಹಾಶಯ ಚಿತ್ರವನ್ನು ತೆಗೆದುಕೊಂಡು ಹೋಗುವ ಮಾತಾಡಿದ. ಪ್ರದರ್ಶನ, ಆಮೇಲೆ ಯಾರೋ ದೊಡ್ಡವರ ಸಂಗ್ರಹ.

"ಕೊಡಲ್ಲ" ಅಂದೆ.

ಎಲ್ಲರೂ ನನ್ನ ಕಡೆ ತಿರುಗಿದರು. ಗೋಪಿ ನನ್ನನ್ನು ಮೆಟ್ಟಿಲಿನ ಹತ್ತಿರಕ್ಕೆ ಕರೆದುಕೊಂಡು ಬಂದ. ಅವನ ಮುಖ ಬಾಡಿಹೋಗಿತ್ತು. "ಅಕ್ಕ, ನನ್ ಚಿತ್ರ ಬೇಕು ಅಂತ ಒಬ್ರು ಮನೆಗಂಟ ಬಂದಿರೋದು ಇದೇ ಮೊದ್ಲು. ಅಡ್ಡ ಬರಬೇಡ ಕಣಕ್ಕ."

"ಬೇರೆದು ಕೊಡು. ಮೀನಿನ ತಲೆದು ಕೊಡು, ಏಣಿದು ಕೊಡು, ಹೊತ್ಕೊಂಡ್ ಹೋಗ್ಲಿ. ಇದು ಅಮ್ಮ. ನಮ್ಮತ್ರ ಅಮ್ಮಂದು ಅಂತ ಇರೋದು ಇಷ್ಟೇ. ಆ ಕಾಲು ನೋಡೋ. ಆ ಹೆಬ್ಬೆರಳು ಸಿಗಾಕ್ಕೊಂಡಿರೋದ್ ನೋಡೋ. ಪ್ರಪಂಚದಲ್ಲಿ ಇನ್ಯಾರೋ ಹಂಗೆ ಕೂರ್ತಾರೆ?"

ಗೋಪಿ ನನ್ನ ಕಾಲು ನೋಡಿದ.

"ನೀನು" ಅಂದ.

ನನಗೆ ಅರ್ಥವಾಗಲಿಲ್ಲ.

"ಅದು ಅಮ್ಮ ಅಲ್ಲ ಕಣಕ್ಕ. ಅಮ್ಮ ಹೆಂಗ್ ಕೂರ್ತಿದ್ಳು ಅಂತ ನಂಗೆ ನೆಪ್ಪೇ ಬರ್ಲಿಲ್ಲ. ಎಷ್ಟು ಹಾಳೆ ಹರಿದ್ಹಾಕ್ದೆ ಗೊತ್ತಾ? ಆಮೇಲೆ ಒಂದಿನ ಶೆಡ್ ಬಾಗ್ಲಲ್ಲಿ ನಿಂತ್ರೆ ನೀನು ಕೆಚ್ತಾ ಕೂತಿದ್ದೆ. ಕಾಲು ಹಂಗೇ ಇಟ್ಕೊಂಡಿದ್ದೆ. ನಿನ್ನ ನೋಡ್ಕೊಂಡೇ ಬರೆದಿದ್ದು, ಮಳೆಗಾಲ ಪೂರ್ತಿ."

ನಾನು ನನ್ನ ಕಾಲು ನೋಡಿಕೊಂಡೆ. ಹಾಗೆ ಕೂರುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಎಳೆಯ ಮೇಲೆ ಕಣ್ಣಿಟ್ಟವಳು ಕಾಲು ಎಲ್ಲಿದೆ ಅಂತ ಯಾಕೆ ನೋಡುತ್ತಾಳೆ? ನೆಂಟರನ್ನು ಕುರುಡರು ಅಂದವಳು ನಾನು. ದಿನಾ ಸಂಜೆ ಮಹಡಿ ಹತ್ತಿ ನನ್ನ ಬೆನ್ನಿನ ಮುಂದೆಯೇ ಕೂತು ಅಮ್ಮ ಅಮ್ಮ ಅಂತ ಅತ್ತಿದ್ದೆ. ನಾಚಿಕೆಯಾಯಿತು, ಸಿಟ್ಟೂ ಬಂತು.

"ಹಂಗಾದ್ರೆ ತಲೆ ಯಾಕೋ ಬಿಟ್ಟೆ? ಅಮ್ಮನ ಮುಖ ನೆಪ್ಪಿರ್ಲಿಲ್ಲ ಸರಿ. ನಾನು ಎದುರಿಗೇ ಕೂತಿದ್ನಲ್ಲ, ನಂದಾದ್ರೂ ಬರೀಬೋದಿತ್ತಲ್ಲ?"

"ನೀನು ಒಂದಿನಾನೂ ತಲೆ ಎತ್ಲೇ ಇಲ್ವಲ್ಲಕ್ಕ" ಅಂದ ಗೋಪಿ.

ನಾನು ಒಳಗೆ ಹೋಗಿ ಆ ಮಹಾಶಯನಿಗೆ ಹೇಳಿದೆ. "ಅಮ್ಮಂದಾಗಿದ್ರೆ ಕೊಡ್ತಿರ್ಲಿಲ್ಲ. ನಂದು ತಾನೆ? ಹೋಗ್ಲಿ, ತಗೊಂಡ್ಹೋಗಿ."

ಕೊಟ್ಟಮೇಲೆ ಒಂದು ವಾರ ನಿದ್ದೆ ಬರಲಿಲ್ಲ. ಅಮ್ಮನೂ ಹೀಗೇ ಅನ್ನುತ್ತಿದ್ದಳು. ನಂದು ತಾನೆ, ಹೋಗ್ಲಿ ಬಿಡಿ.

ಈಗ ಆ ಚಿತ್ರ ದೇವನಹಳ್ಳಿ ಕಡೆ ಏರ್‌ಪೋರ್ಟ್ ರಸ್ತೆಯ ಯಾವುದೋ ಹೋಟೆಲಿನಲ್ಲಿದೆಯಂತೆ. ಸೂಟ್‌ಕೇಸ್ ಎಳೆದುಕೊಂಡು ಬಂದ ಜನ ನನ್ನ ಬೆನ್ನು ನೋಡುತ್ತಾ ಕಾಫಿ ಕುಡಿಯುತ್ತಾರಂತೆ. ಕೆಳಗೆ 'ತಾಯಿ' ಅಂತ ಹೆಸರು ಬರೆದಿದ್ದಾರೆ. ಗೋಪಿಗೆ ಹೆಸರು ಬಂದಿದೆ, ಅವನ ಮೀನಿನ ತಲೆಯವನನ್ನೂ ಯಾರೋ ಒಯ್ದರು, ಅವರ ಅಭಿರುಚಿಗೆ ನನ್ನ ದೊಡ್ಡ ನಮಸ್ಕಾರ. ಅಣ್ಣನ ಹಾಲ್‌ನಲ್ಲಿ ಮೆರೂನ್ ಸೀರೆಯವಳಿಗೆ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆ ನಡೆಯುತ್ತಿದೆ. ಅಮ್ಮನ ಮುಖ ನನಗೆ ವಾಪಸ್ಸು ಸಿಗಲಿಲ್ಲ.

ಅವತ್ತು ದೊಡ್ಡಬೆಳವಂಗಲದಲ್ಲಿ ಹೊರಡುವ ಮುಂಚೆ ಭಾಗ್ಯ ಎಲ್ಲರನ್ನೂ ಸೇರಿಸಿಕೊಂಡು ಮೊಬೈಲ್ ಎತ್ತಿದಳು. "ಅಕ್ಕ, ಬನ್ನಿ, ಒಂದ್ ಫೋಟೊ." ನನ್ನ ಕೈ ತಾನಾಗಿಯೇ ಸೆರಗು ಹಿಡಿಯಿತು, ಮುಖ ಪಕ್ಕಕ್ಕೆ ತಿರುಗಿತು. "ನಂದ್ಯಾಕಮ್ಮ" ಅನ್ನುವ ಮಾತು ಅರ್ಧ ಹೊರಗೂ ಬಂದಿತ್ತು. ಭಾಗ್ಯಳ ತಲೆಯ ಹಿಂದೆ ಗೋಡೆಯ ಮೇಲೆ ಆ ಮೆರೂನ್ ಮೈ ಕಂಡಿತು. ಇವತ್ತು ಈ ಅತ್ತೆಯ ತಲೆ ಹೊತ್ತಿದೆ, ಸ್ಟುಡಿಯೋದವನ ಕಂಪ್ಯೂಟರಿನಲ್ಲಿ ಮುಂದಿನ ತಲೆಗೆ ಕಾಯುತ್ತಲೂ ಇದೆ. ನನ್ನದೂ ಒಂದು ಆಧಾರ್ ಕಾರ್ಡ್ ಇದೆ.

ಸೆರಗು ಬಿಟ್ಟೆ. ಎಲ್ಲರನ್ನೂ ಸರಿಸಿ ಮುಂದೆ ಹೋಗಿ ನಿಂತು, ತಲೆ ಎತ್ತಿದೆ.

"ಹತ್ರದಿಂದ ತೆಗಿಯಮ್ಮ" ಅಂದೆ. "ಮುಖ ಸರಿಯಾಗ್ ಕಾಣ್ಲಿ."